ಹಾಲಿನ ಲೆಕ್ಕದ ಕ್ಯಾಲೆಂಡರು



ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಲೆಂದು ಅಡುಗೆಮನೆಯ ಗೋಡೆ ಖಾಲಿ ಮಾಡುತ್ತಿದ್ದೆವು. ಬಾಗಿಲ ಹಿಂದಿನ ಮೊಳೆಯಲ್ಲಿ ಒಂದರ ಮೇಲೊಂದು ನೇತುಹಾಕಿದ ಕ್ಯಾಲೆಂಡರುಗಳು. ವರ್ಷ ಮುಗಿದರೂ ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದನ್ನು ಹಾಕುವುದು ನಮ್ಮ ಮನೆಯ ವಾಡಿಕೆ. ಹಾಗೆ ಒಂದೊಂದೇ ಬಿಚ್ಚುತ್ತಾ ಹೋದಾಗ ಅಡಿಯಲ್ಲಿ 2021 ಮತ್ತು 2020 ಸಿಕ್ಕವು. ಒಗ್ಗರಣೆಯ ಜಿಡ್ಡು ಕುಡಿದು ಅಂಚೆಲ್ಲ ಹಳದಿಯಾಗಿತ್ತು.

ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಇಸ್ತ್ರಿಗೆ ಕೊಟ್ಟ ಬಟ್ಟೆ, ಎಲ್ಲವನ್ನೂ ನಾನು ಕ್ಯಾಲೆಂಡರಿನ ಚೌಕದಲ್ಲೇ ಬರೆಯುವವಳು. ನಿಮ್ಮಲ್ಲೂ ಬಹಳ ಮಂದಿ ಹಾಗೇ ಮಾಡುತ್ತೀರಿ. ತಿಥಿ, ನಕ್ಷತ್ರ, ರಾಹುಕಾಲ ಅಚ್ಚಾಗಿ ಉಳಿದ ಜಾಗದಲ್ಲಿ ಪೆನ್ಸಿಲಿನಿಂದ 'ಹಾ 3' ಎಂದು ಬರೆದರೆ ಆವತ್ತು ಮೂರು ಪ್ಯಾಕೆಟ್ ಹಾಲು ಎಂದರ್ಥ. ಆ ಎರಡು ಕ್ಯಾಲೆಂಡರು ಹಿಡಿದುಕೊಂಡು ಅಲ್ಲೇ ಮೆಟ್ಟುಮಣೆಯ ಮೇಲೆ ಕೂತವಳು ಏಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆ ಚೌಕಗಳಲ್ಲಿ ಓದಿದ್ದನ್ನೇ ಇವತ್ತು ನಿಮಗೆ ಹೇಳಬೇಕೆಂದಿದ್ದೇನೆ.

2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಕೊರೊನಾಕ್ಕೆ ಈ ದೇಶದಲ್ಲಿ ಹೋದ ಮೊದಲ ಜೀವ ಅದು. ಮಾರ್ಚ್ 14ರಿಂದ ರಾಜ್ಯದಲ್ಲಿ ಮಾಲು, ಚಿತ್ರಮಂದಿರ, ಕಾಲೇಜುಗಳಿಗೆಲ್ಲ ಒಂದು ವಾರದ ಬೀಗ ಬಿತ್ತು. ಬೆಂಗಳೂರಿನಲ್ಲಿ ಕಾಲೇಜು ಉಪನ್ಯಾಸಕಿಯಾಗಿರುವ ನಮ್ಮ ಸೊಸೆ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದಳು. ಚೌಕದಲ್ಲಿ 'ಹಾ 3' ಇದ್ದದ್ದು 'ಹಾ 5' ಆಯಿತು. 20ನೇ ತಾರೀಕು ಮಗ ಬಂದ. ನಾಲ್ಕು ದಿನಕ್ಕೆಂದು ಎರಡು ಶರ್ಟು, ಒಂದು ಪ್ಯಾಂಟು, ಒಂದು ಲ್ಯಾಪ್‌ಟಾಪು ತಂದಿದ್ದ. 'ಹಾ 6'. ಆ ಆರು ಇಳಿದದ್ದು ಮರುವರ್ಷ ಫೆಬ್ರವರಿಯಲ್ಲಿ.

ಆಗ ನಮ್ಮತ್ತೆಗೆ ಎಂಬತ್ತನಾಲ್ಕು, ಮೊಮ್ಮಗಳಿಗೆ ಏಳು. ನಡುವೆ ನಾವು ನಾಲ್ವರು. ನಾಲ್ಕು ತಲೆಮಾರು ಒಂದೇ ಸೂರಿನಡಿ ಅಷ್ಟು ದಿನ ಇದ್ದದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ವಿದೇಶದಿಂದ ಬಂದವರ ಎಡಗೈ ಮೇಲೆ ಸರ್ಕಾರದವರು ಕ್ವಾರಂಟೈನ್ ಮುದ್ರೆ ಒತ್ತುತ್ತಿದ್ದ ದಿನಗಳು ಅವು. ಮೊಮ್ಮಗಳು ಅದನ್ನು ಟಿ.ವಿ.ಯಲ್ಲಿ ನೋಡಿದ್ದಳು. ಅವಳಪ್ಪ ಚಪ್ಪಲಿ ಬಿಡುವ ಹೊತ್ತಿಗೆ ಹುಳಿಗೆಂದು ಹೆಚ್ಚುತ್ತಿದ್ದ ಬೆಂಡೆಕಾಯಿಯ ತೊಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು, ಬಣ್ಣದ ಡಬ್ಬಿಯಲ್ಲಿ ಅದ್ದಿ, ಬಾಗಿಲಲ್ಲೇ ತಡೆದು ಅವನ ಕೈ ಮೇಲೆ ಒತ್ತಿದಳು. ಐದು ದಳದ ನೀಲಿ ಹೂವು. "ಹದಿನಾಲ್ಕು ದಿನ ಅಳಿಸಬಾರದು" ಎಂದು ಅಪ್ಪಣೆ. ಅಷ್ಟಕ್ಕೇ ನಿಲ್ಲಲಿಲ್ಲ. ಮನೆಯವರೆಲ್ಲರ ಕೈಗೂ ಮುದ್ರೆ ಬಿತ್ತು. ನಮ್ಮತ್ತೆ ಮಾತ್ರ ಎಡಗೈ ಕೊಡದೆ ಬಲಗೈ ಚಾಚಿದರು. "ಎಡಗೈಗೆ ಹೂವು ಒತ್ತಿಸ್ಕೋತಾರೇನೇ?"

ಮಾರ್ಚ್ 24ರ ಮಂಗಳವಾರ ರಾತ್ರಿ ಎಂಟು ಗಂಟೆಗೆ ದೇಶವೆಲ್ಲ ಇಪ್ಪತ್ತೊಂದು ದಿನ ಮುಚ್ಚುತ್ತದೆಂಬ ಘೋಷಣೆಯಾಯಿತು. ಮರುದಿನವೇ ಯುಗಾದಿ, ಶಾರ್ವರಿ ಸಂವತ್ಸರ. ಬೇಳೆ ಬೆಲ್ಲ ಮನೆಯಲ್ಲಿತ್ತು. ಬೇವು, ಮಾವಿನ ಎಲೆ ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಲ್ಲಿ ಸಿಕ್ಕವು. ಇಲ್ಲದ್ದು ಹೊಸ ಪಂಚಾಂಗ. ದೇವರಾಜ ಮಾರುಕಟ್ಟೆಗೆ ಹೋದಾಗ ತಂದರಾಯಿತೆಂದು ಬಿಟ್ಟಿದ್ದೆವು. ಪಂಚಾಂಗ ಶ್ರವಣವಿಲ್ಲದ ಯುಗಾದಿಯನ್ನು ಅತ್ತೆ ತಮ್ಮ ಆಯುಸ್ಸಿನಲ್ಲಿ ಕಂಡವರಲ್ಲ.

ಪಕ್ಕದ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರಿದ್ದರು. ಶಿವರಾತ್ರಿ ಕಳೆಯುವುದರೊಳಗೆ ಪಂಚಾಂಗ ತಂದಿಟ್ಟುಕೊಳ್ಳುವ ಪೈಕಿ. ವಿಷಯ ತಿಳಿದು ಅವರೇ ಜಗಲಿಗೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತರು. ನಾವು ನಮ್ಮ ಜಗಲಿಯಲ್ಲಿ ನಿಂತೆವು. ಎದುರು ಮನೆಯವರು ಗೇಟಿನೊಳಗೆ, ಅದರಾಚೆಯವರು ಮಹಡಿಯ ಮೇಲೆ. ನಮ್ಮತ್ತೆಗೆ ಕಿವಿ ಮಂದ, ಹಾಗಾಗಿ ಅವರು ಮೈಕು ಹಿಡಿದವರಂತೆ ಕೂಗಿ ಓದಬೇಕಾಯಿತು. ಮಳೆ, ಬೆಳೆ ಮುಗಿದು ರಾಶಿಗಳ ಆಯವ್ಯಯಕ್ಕೆ ಬಂದರು.

"ಏನಂದ್ರೀ, ವ್ಯಯ ಎಷ್ಟು?" ಎಂದು ಅತ್ತೆ.

"ಹದಿನಾಲ್ಕಮ್ಮಾ, ಹದಿನಾಲ್ಕು!"

"ಹೊಸ್ತಿಲು ದಾಟಬಾರ್ದು ಅಂತಾರೆ, ಅಂಗಡಿ ತೆಗೆಯೋ ಹಾಗಿಲ್ಲ ಅಂತಾರೆ. ಹದಿನಾಲ್ಕು ನಾನು ಎಲ್ಲಿ ಖರ್ಚು ಮಾಡ್ಲಪ್ಪಾ?"

ಬೀದಿಯ ಅಷ್ಟೂ ಜಗಲಿಗಳು ನಕ್ಕವು. ಹಿಂದಿನ ರಾತ್ರಿ ಯಾರಿಗೂ ನಿದ್ದೆ ಬಂದಿರಲಿಲ್ಲ. ಆ ನಗು ಎಷ್ಟು ಬೇಕಾಗಿತ್ತೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅಂದಿನಿಂದ ಮೊಮ್ಮಗಳಿಗೆ ಅವರು 'ಪಂಚಾಂಗದ ತಾತ'. ಚೌಕದಲ್ಲಿ ನಾನು ಬರೆದದ್ದು: 'ಹಾ 6. ವ್ಯಯ 14.'

ನಮ್ಮದು ಹಳೆಯ ಕಾಲದ ದಪ್ಪ ಗೋಡೆಯ ಮನೆ. ಮೊಬೈಲಿಗೆ ಸಿಗ್ನಲ್ ಸರಿಯಾಗಿ ಸಿಗುವ ಜಾಗ ಒಂದೇ, ದೇವರಮನೆಯ ಬಾಗಿಲು. ಹಾಗಾಗಿ ಮಗನ ಆಫೀಸು ಅಲ್ಲೇ ತೆರೆಯಿತು. ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ಲ್ಯಾಪ್‌ಟಾಪು, ಹಿಂದೆ ನಂದಾದೀಪ. ಸಂಜೆ ಆರೂವರೆಗೆ ಅತ್ತೆ ದೀಪ ಹಚ್ಚಿ ಗಂಟೆ ಬಾರಿಸಿ ಮಂಗಳಾರತಿ ಮಾಡುವುದು ನನ್ನ ಮದುವೆಗೂ ಮೊದಲಿನಿಂದ ನಡೆದುಬಂದದ್ದು. ಅಮೆರಿಕದ ಕಡೆಯವರು ಬೆಳಿಗ್ಗೆ ಎದ್ದು ಸಭೆಗೆ ಕೂರುವುದೂ ಸರಿಯಾಗಿ ಆ ಹೊತ್ತಿಗೇ. ಮೊದಲ ದಿನ ಗಂಟೆ ಕೇಳಿ ಅವರು ಬೆಂಕಿ ಅನಾಹುತದ ಎಚ್ಚರಿಕೆಯೆಂದು ಗಾಬರಿಯಾದರಂತೆ. ಅಜ್ಜಿಯ ಪೂಜೆ ಎಂದು ಮಗ ವಿವರಿಸಿದ. ಎರಡು ವಾರದಲ್ಲಿ ಅವರಿಗೆ ಎಷ್ಟು ರೂಢಿಯಾಯಿತೆಂದರೆ, ಅತ್ತೆಗೆ ಮಂಡಿನೋವು ಹೆಚ್ಚಾಗಿ ಪೂಜೆ ತಡವಾದ ದಿನ ಅಲ್ಲಿಂದಲೇ ವಿಚಾರಣೆ ಬಂತು: ಅಜ್ಜಿ ಆರೋಗ್ಯವಾಗಿದ್ದಾರೆಯೇ? ಮಗ ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಪರದೆಯ ಮುಂದೆ ಬಾಗಿ ನಿಂತು, ಒಬ್ಬೊಬ್ಬರನ್ನೂ "ಊಟ ಆಯ್ತೇನಪ್ಪಾ?" ಎಂದು ಕೇಳಿದರು. ಆರು ಚೌಕದಲ್ಲಿದ್ದ ಆರು ಮುಖಗಳಿಗೂ ಬೇರೆ ಬೇರೆಯಾಗಿ ಕೇಳಿದರು.

ಮಗ ತಂದಿದ್ದ ಎರಡು ಶರ್ಟು ಎಷ್ಟು ದಿನಕ್ಕೆ ಬಂದಾವು? ನಮ್ಮೆಜಮಾನರು ಬ್ಯಾಂಕಿಗೆ ಹೋಗುತ್ತಿದ್ದ ಕಾಲದ ಶರ್ಟುಗಳನ್ನು ಪೆಟ್ಟಿಗೆಯಿಂದ ತೆಗೆದೆ. ಉದ್ದ ಕಾಲರಿನ ಗೀಟು ಗೀಟಿನ ಶರ್ಟು ತೊಟ್ಟು ಮಗ ಹಜಾರಕ್ಕೆ ಬಂದಾಗ ಅತ್ತೆ ಅವನನ್ನು ಅವರಪ್ಪನ ಹೆಸರಿನಿಂದ ಕರೆದರು. ಬಳಿಕ ತಿದ್ದಿಕೊಂಡು, ಕಣ್ಣೊರೆಸಿಕೊಂಡರು.

ಕ್ಷೌರದಂಗಡಿಗಳು ಮೇ 19ರವರೆಗೆ ತೆರೆಯಲಿಲ್ಲ. ಯಜಮಾನರ ಕೂದಲು ಕತ್ತರಿಸಿದವಳು ನಾನು, ಚೆನ್ನಾಗಿಯೇ ಕತ್ತರಿಸಿದೆ. ಆದರೆ ನಮ್ಮ ಬೀದಿ ತಿರುವಿನಲ್ಲಿ ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವರು ಮನೆಯಲ್ಲಿ ಹೇಗಿದ್ದಾರೋ ಎಂಬ ಯೋಚನೆ ಕತ್ತರಿ ಹಿಡಿದಷ್ಟೂ ಹೊತ್ತು ಹೋಗಲಿಲ್ಲ. ಕ್ಷೌರಿಕರಿಗೂ ಅಗಸರಿಗೂ ಐದೈದು ಸಾವಿರ ರೂಪಾಯಿ ನೆರವೆಂದು ಸರ್ಕಾರ ಮೇ 6ರಂದು ಹೇಳಿತು. ಎರಡು ತಿಂಗಳು ಬಾಗಿಲು ಮುಚ್ಚಿದ ಅಂಗಡಿಗೆ ಐದು ಸಾವಿರ ಯಾವ ಮೂಲೆಗೆ? ಯಜಮಾನರು ಪ್ರತಿ ತಿಂಗಳು ಕ್ಷೌರದ ಹಣವನ್ನು ತಪ್ಪದೆ ಅವರಿಗೆ ಕಳಿಸಿದರು. ತೆರೆದ ದಿನ ಅವರು ನನ್ನ ಕೆಲಸವನ್ನು ಪರೀಕ್ಷಿಸಿ, "ಅಮ್ಮಾವ್ರು ಕಿವಿ ಹತ್ರ ಚೆನ್ನಾಗಿ ತೆಗ್ದಿದ್ದಾರೆ" ಎಂದರಂತೆ. ಅದೂ ಚೌಕದಲ್ಲಿದೆ.

ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ದೂರದರ್ಶನದಲ್ಲಿ 'ರಾಮಾಯಣ' ಮರುಪ್ರಸಾರ. ಮಾರ್ಚ್ 28ಕ್ಕೆ ಶುರುವಾಯಿತು. ಅದು ಮೊದಲು ಬಂದದ್ದು 1987ರಲ್ಲಿ, ಆಗ ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಅತ್ತೆಗೂ ಮೊಮ್ಮಗಳಿಗೂ ಹಿಂದಿ ಬಾರದು. ಅತ್ತೆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವರು. ಹೇಳುವ ಉತ್ಸಾಹದಲ್ಲಿ ಪರದೆಗಿಂತ ಮೂರು ಕಾಂಡ ಮುಂದೆ ಹೋಗಿಬಿಡುವರು. ದಶರಥ ಇನ್ನೂ ಮಂಚದ ಮೇಲೆ ನರಳುತ್ತಿರುವಾಗ ಇತ್ತ ಹನುಮಂತ ಸಮುದ್ರ ಹಾರಿಯಾಗಿರುತ್ತಿತ್ತು. ಸೀತೆ ಗೆರೆ ದಾಟಿದ ರಾತ್ರಿ ಮಗು ಎದ್ದು ನಿಂತು ಕೇಳಿತು: "ದೊಡ್ಡಜ್ಜಿ, ಅವಳು ಗೆರೆ ದಾಟಿದ್ದಾಳೆ, ಪೊಲೀಸ್ ಯಾಕೆ ಬರ್ಲಿಲ್ಲ?" ಅವಳು ಕಂಡಿದ್ದ ಗೆರೆಗಳೆಂದರೆ ದಿನಸಿ ಅಂಗಡಿಯ ಮುಂದೆ ಸುಣ್ಣದಲ್ಲಿ ಹಾಕಿದ್ದ ಚೌಕಗಳು. ಅತ್ತೆ ಬಹಳ ಹೊತ್ತು ಯೋಚಿಸಿ ಹೇಳಿದರು: "ಕಾಡಲ್ವಾ ಮಗಾ, ಅಲ್ಲಿಗೆ ಸ್ಟೇಷನ್ ದೂರ."

ಅಂಥ ಒಂದು ರಾತ್ರಿಯೇ ಅತ್ತೆ ಪ್ಲೇಗಿನ ಮಾತು ತೆಗೆದದ್ದು. ನಾನು ಈ ಮನೆಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾಗಿತ್ತು, ಅದುವರೆಗೆ ಕೇಳಿರಲಿಲ್ಲ. ಅವರಜ್ಜಿಯ ಊರು ನಂಜನಗೂಡಿನ ಕಡೆಯ ಹಳ್ಳಿ. 'ಇಲಿ ಬಿತ್ತು' ಎಂದರೆ ಸಾಕು, ಇಡೀ ಊರು ಮನೆ ಬಿಟ್ಟು ಹೊಲದಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಹಾಗೆ ಹೊರಡುವಾಗ ಎಲ್ಲರೂ ಗಂಟುಮೂಟೆ, ಒಡವೆ, ಪೆಟ್ಟಿಗೆ ಹೊತ್ತರೆ ಆ ಅಜ್ಜಿ ಹೆಗಲ ಮೇಲಿಟ್ಟುಕೊಂಡದ್ದು ಒನಕೆಯನ್ನು. "ಒಡವೆ ಕುಟ್ಟಿ ಅನ್ನ ಮಾಡ್ತೀರಾ?" ಎಂದು ಗಂಡಸರನ್ನು ಕೇಳಿದಳಂತೆ. ಊರೆಲ್ಲ ನಕ್ಕಿತಂತೆ. ಆಮೇಲೆ ಎಲ್ಲ ಗುಡಿಸಲಿನವರೂ ಭತ್ತ ಕುಟ್ಟಲು ಅದೇ ಒನಕೆಗೆ ಸರದಿ ನಿಂತರಂತೆ.

"ಆ ಸಲ ಊರಲ್ಲಿ ಎಷ್ಟು ಜನ ಹೋದರು ಅತ್ತೆ?" ಎಂದು ಕೇಳಿದೆ.

"ಅದನ್ನ ನಮ್ಮಜ್ಜಿ ಹೇಳ್ಲಿಲ್ಲ ಕಣೆ. ಒನಕೆ ಮಾತ್ರ ಹೇಳಿದ್ಲು."

1898ರಲ್ಲಿ ಪ್ಲೇಗು ಬಂದು ಹೋದಮೇಲೆಯೇ ಮೈಸೂರು ಪಾಠ ಕಲಿತದ್ದು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆ ಮಾಡಲೆಂದು 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿತು. ಅಗಲವಾದ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಆ ಕಾಲದ ಯೋಚನೆಯ ಫಲ. ಯುಗಾದಿಯ ದಿನ ನಾಲ್ಕು ಮನೆಯವರು ದೂರ ದೂರ ನಿಂತೂ ಒಬ್ಬರ ಮುಖ ಒಬ್ಬರು ನೋಡಿ ಪಂಚಾಂಗ ಕೇಳಲು ಸಾಧ್ಯವಾದದ್ದು ನೂರು ವರ್ಷದ ಹಿಂದೆ ಯಾರೋ ರಸ್ತೆಗೆ ಜಾಗ ಬಿಟ್ಟಿದ್ದರಿಂದ. ಅದಾದ ಮೇಲೆ 1918ರಲ್ಲಿ ಇನ್‌ಫ್ಲೂಯೆಂಜಾ ಬಂತು. ಮೈಸೂರು ಸಂಸ್ಥಾನದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ನಮ್ಮ ಮನೆತನದಲ್ಲಿ ಅದರ ಬಗ್ಗೆ ಒಂದೇ ಒಂದು ಮಾತೂ ಉಳಿದಿಲ್ಲ. ಯಾರು ಕಾಯಿಲೆ ಬಿದ್ದರು, ಯಾರು ಶುಶ್ರೂಷೆ ಮಾಡಿದರು, ಯಾರು ಯಾರನ್ನು ನಗಿಸಿದರು, ಏನೂ ಗೊತ್ತಿಲ್ಲ. ಹೇಳುವವರು ಹೇಳಲಿಲ್ಲ, ಅಷ್ಟೇ. ಆ ರಾತ್ರಿ ನಾನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ 'ಒನಕೆ' ಎಂದು ಬರೆದೆ. ಮಾರನೆಯ ದಿನದಿಂದ ಪ್ರತಿ ಚೌಕದಲ್ಲೂ ಒಂದಾದರೂ ಮಾತು ಬರೆಯತೊಡಗಿದೆ.

ಏಪ್ರಿಲಿನ ಒಂದು ಚೌಕದಲ್ಲಿ 'ಆಶಾ ಬಂದಿದ್ದರು, ಕಾಫಿ ಕುಡಿಯಲಿಲ್ಲ' ಎಂದಿದೆ. ಬಿಸಿಲಲ್ಲಿ ಮನೆ ಮನೆ ತಿರುಗಿ ಕೆಮ್ಮು ಇದೆಯೇ, ಜ್ವರ ಇದೆಯೇ, ಅರವತ್ತು ದಾಟಿದವರೆಷ್ಟು ಎಂದು ಬರೆದುಕೊಳ್ಳುತ್ತಿದ್ದ ಆಶಾ ಕಾರ್ಯಕರ್ತೆ ಆಕೆ. ಅತ್ತೆ ಒಳಗೆ ಬಾ ಎಂದು ಕರೆದರು. ಆಕೆ ಗೇಟಿನಾಚೆಯೇ ನಿಂತು, "ಬೇಡಿ ಅಜ್ಜಿ, ನಾನೇ ನಿಮಗೆ ತಂದುಬಿಟ್ರೆ?" ಎಂದಳು. ಇಡೀ ರಾಜ್ಯದಲ್ಲಿ ಅಂಥವರು ಸುಮಾರು 42 ಸಾವಿರ ಮಂದಿ. ಜುಲೈನಲ್ಲಿ ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಗೌರವಧನ ಕೊಡಿ ಎಂದು ಅವರು ಕೆಲಸ ನಿಲ್ಲಿಸಿ ಕೂರಬೇಕಾಯಿತು. ನಾವು ಜಾಗಟೆ ಬಾರಿಸಿ ಕೃತಜ್ಞತೆ ಹೇಳಿದ ದೇಶದಲ್ಲಿ ಆ ಹೆಣ್ಣುಮಕ್ಕಳು ಹಾಗೆ ಬೀದಿಗೆ ಬರಬಾರದಿತ್ತು.

'ದೂರ ನಿಲ್ಲಿ' ಎಂಬ ಮಾತು ಆಗ ಎಲ್ಲೆಲ್ಲೂ. ಆ ಮಾತಿಗೆ ನಮ್ಮಲ್ಲಿ ಕೆಟ್ಟ ಚರಿತ್ರೆಯಿದೆ. ಹುಟ್ಟಿನ ಕಾರಣಕ್ಕೆ ಮನುಷ್ಯರನ್ನು ಅಂಗಳದಾಚೆ ನಿಲ್ಲಿಸಿದ ಮಾತು ಅದು. ನಮ್ಮತ್ತೆ ಮಡಿಯಲ್ಲಿ ಬೆಳೆದವರು. ಮನೆಕೆಲಸಕ್ಕೆ ಬರುವಾಕೆ ಎರಡು ತಿಂಗಳ ಮೇಲೆ ಜೂನ್‌ನಲ್ಲಿ ಮೊದಲ ಸಲ ಬಂದಾಗ ಬಾಗಿಲಿಂದ ದೂರ ನಿಂತದ್ದು ಕಂಡು, "ಒಳಗೆ ಬಾರೇ. ದೂರ ನಿಲ್ಸಿದ್ದು ಅಂದ್ರೆ ಹೇಗಿರತ್ತೆ ಅಂತ ಈಗ ನನಗೂ ಗೊತ್ತಾಯ್ತು" ಎಂದರು. ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಆಡಿದ ಆ ಮಾತನ್ನು ನಾನು ತಾರೀಕಿನ ಸಮೇತ ಬರೆದಿಟ್ಟಿದ್ದೇನೆ. ಜೂನ್ 4.

ಅದೇ ಜೂನ್ ತಿಂಗಳಲ್ಲಿ ಮದುವೆ. ನನ್ನ ನಾದಿನಿಯ ಮಗಳದು, ಅತ್ತೆಗೆ ಮಗಳ ಮಗಳು. ಆರುನೂರು ಜನಕ್ಕೆ ಲಗ್ನಪತ್ರಿಕೆ ಅಚ್ಚಾಗಿತ್ತು, ಛತ್ರ ಗೊತ್ತಾಗಿತ್ತು. ಸರ್ಕಾರದ ಲೆಕ್ಕ ಐವತ್ತು. ನಾದಿನಿ ನಂಜನಗೂಡಿನಿಂದ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಪಟ್ಟಿ ಓದುವಳು. ಪುರೋಹಿತರು ಇಬ್ಬರು, ಓಲಗದವರು ನಾಲ್ವರು, ಅಡುಗೆಯವರು ಮೂವರು, ಫೋಟೋದವರು ಒಬ್ಬರು. ಹತ್ತು ಹೋಯಿತು. ಉಳಿದ ನಲವತ್ತರಲ್ಲಿ ಗಂಡಿನ ಕಡೆಗೆ ಇಪ್ಪತ್ತು, ಹೆಣ್ಣಿನ ಕಡೆಗೆ ಇಪ್ಪತ್ತು. ಸೋದರಮಾವ ಬಿಡುವ ಹಾಗಿಲ್ಲ, ದೊಡ್ಡಪ್ಪ ಬಿಡುವ ಹಾಗಿಲ್ಲ. ನಾಲ್ವರು ಚಿಕ್ಕಪ್ಪಂದಿರು, ಅವರ ಹೆಂಡತಿಯರು, ಮಕ್ಕಳು. ಓಲಗದವರನ್ನು ಮೂವರಿಗೆ ಇಳಿಸಿದರೆ ಅತ್ತಿಗೆಯ ತಂಗಿ ಬರಬಹುದು. ಆದರೆ ಶ್ರುತಿ ಯಾರು ಹಿಡಿಯುವುದು? ಶ್ರುತಿಪೆಟ್ಟಿಗೆ ಹಿಡಿಯಲು ಅತ್ತಿಗೆಯ ತಂಗಿಯ ಗಂಡ ಮುಂದೆ ಬಂದರು. ಅವರಿಗೆ ಸಂಗೀತ ಬರುತ್ತಿತ್ತು, ಹಾಗಾಗಿ ಒಂದೇ ಲೆಕ್ಕದಲ್ಲಿ ನೆಂಟರೂ ಓಲಗದವರೂ ಆದರು.

ಪಟ್ಟಿಯಲ್ಲಿಲ್ಲದವರು ಮುನಿಸಿಕೊಳ್ಳುತ್ತಾರೆಂದು ನಾದಿನಿ ಹೆದರಿದ್ದಳು. ಆದದ್ದೇ ಬೇರೆ. "ನಮ್ಮ ಹೆಸರು ತೆಗೆದು ಅವರನ್ನು ಸೇರಿಸು" ಎಂದು ಎಲ್ಲರ ಫೋನು. ಒಂದು ಹಂತದಲ್ಲಿ ಪಟ್ಟಿ ಮೂವತ್ತೆಂಟಕ್ಕೆ ಇಳಿದು, ಇಲ್ಲದವರನ್ನು ಹುಡುಕಿ ತುಂಬಿಸಬೇಕಾಯಿತು. ಹಿಂದೊಂದು ಮದುವೆಯಲ್ಲಿ ಎಲೆ ಹಾಕಿದ್ದು ತಡವಾಯಿತೆಂದು ಹತ್ತು ವರ್ಷ ಮಾತು ಬಿಟ್ಟಿದ್ದ ಸಂಬಂಧಿಕರೊಬ್ಬರು ತಾವೇ ಮಾಡಿಸಿದ ಚಿರೋಟಿಯ ಡಬ್ಬಿಯನ್ನು ಗೇಟಿನ ಹತ್ತಿರ ಇಟ್ಟು, ಹುಡುಗಿಗೆ ದೂರದಿಂದಲೇ ಕೈಯೆತ್ತಿ ಹರಸಿ ಹೋದರಂತೆ.

ಅರವತ್ತೈದು ದಾಟಿದವರು, ಹತ್ತರ ಒಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದಿತ್ತು. ಅತ್ತೆಯೂ ಮೊಮ್ಮಗಳೂ ಉಳಿದರು, ಅವರ ಜೊತೆಗೆ ನಾನು. ಮುಹೂರ್ತದ ದಿನ ಅತ್ತೆ ಬೆಳಗಿನ ನಾಲ್ಕಕ್ಕೇ ಎದ್ದು, ರೇಷ್ಮೆ ಸೀರೆ ಉಟ್ಟು, ಮೂಗುಬೊಟ್ಟು ಹಾಕಿಕೊಂಡು ಹಜಾರದಲ್ಲಿ ಕೂತರು. ಫೋನನ್ನು ಮಣೆಯ ಮೇಲೆ ತಂಬಿಗೆಗೆ ಒರಗಿಸಿ ಇಟ್ಟೆವು. ಅಲ್ಲಿಯೂ ಒಂದು ಫೋನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರು. ಗಟ್ಟಿಮೇಳ ಮೊಳಗಿತು. ಅತ್ತೆ ಎರಡು ಕೈ ತುಂಬ ಅಕ್ಷತೆ ತೆಗೆದು ಫೋನಿನ ಮೇಲೆ ಹಾಕಿದರು. ಮಗು ಇನ್ನೆರಡು ಹಿಡಿ ಹಾಕಿತು. ಪರದೆಯ ಮೇಲೆ ಬರೀ ಅರಿಶಿನದ ಅಕ್ಕಿ, ಮಾಂಗಲ್ಯಧಾರಣೆ ಕಾಣಲೇ ಇಲ್ಲ! ಅಕ್ಕಿ ಕೊಡವಿ ನೋಡುವಷ್ಟರಲ್ಲಿ ಮದುಮಕ್ಕಳು ನಮ್ಮತ್ತ ತಿರುಗಿ, ಕುರ್ಚಿಯ ಮೇಲಿದ್ದ ಫೋನಿಗೆ ಸಾಷ್ಟಾಂಗ ನಮಸ್ಕಾರ ಮಾಡುತ್ತಿದ್ದರು. ಚಾರ್ಜರ್ ಹಾಕುವ ತೂತಿನಲ್ಲಿ ಸಿಕ್ಕಿಕೊಂಡ ಒಂದು ಅಕ್ಕಿಕಾಳನ್ನು ಸೂಜಿಯಿಂದ ತೆಗೆಯಲು ಮಗನಿಗೆ ಮಧ್ಯಾಹ್ನವಿಡೀ ಹಿಡಿಯಿತು.

ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಜೂನ್‌ನಲ್ಲಿ ಹೇಳಿದಾಗ ಮೊಮ್ಮಗಳು ಮನೆ ತುಂಬ ಕುಣಿದಳು. ಆಮೇಲೆ ಇಂತಿಷ್ಟೇ ಹೊತ್ತು ಎಂಬ ಮಿತಿಯೊಂದಿಗೆ ಅವಳ ಶಾಲೆ ಪಾಠ ಶುರುಮಾಡಿತು. ಒಂದು ದಿನ ಟೀಚರು "ನಾಲ್ಕಾರ್ಲ?" ಎಂದು ಕೇಳಿದರು. ಮಗು ಬೆರಳು ಮಡಿಸುವಷ್ಟರಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ "ಇಪ್ಪತ್ನಾಲ್ಕು" ಎಂದರು. ಯಾರಮ್ಮಾ ಹೇಳಿದ್ದು ಎಂದು ಟೀಚರು ನಗುತ್ತಾ ವಿಚಾರಿಸಿದರು. ಅತ್ತೆ ಕಲಿತದ್ದು ನಾಲ್ಕನೇ ಕ್ಲಾಸು. ಆದರೆ ಆ ಕಾಲದ ನಾಲ್ಕನೇ ಕ್ಲಾಸಿನಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಿಪಾಠ. ಏಳ್ಮುಕ್ಕಾಲ್ಲ ಐದೂಕಾಲು ಎಂದು ಅವರು ರಾಗವಾಗಿ ಹೇಳಿಕೊಂಡು ಹೋದದ್ದನ್ನು ಮಕ್ಕಳೆಲ್ಲ ಬಾಯಿ ಬಿಟ್ಟು ಕೇಳಿದವು. ಮುಂದಿನ ವಾರದಿಂದ ಶುಕ್ರವಾರ ಹತ್ತು ನಿಮಿಷ 'ದೊಡ್ಡಜ್ಜಿ ಮಗ್ಗಿ' ಎಂದು ಟೀಚರು ಸಮಯ ಬಿಟ್ಟುಕೊಟ್ಟರು. ಅಷ್ಟು ಒಳ್ಳೆಯ ಮನಸ್ಸಿನ ಶಿಕ್ಷಕಿ.

ಮನೆಕೆಲಸದಾಕೆಯ ಮಗ ಸರ್ಕಾರಿ ಶಾಲೆಯ ನಾಲ್ಕನೇ ತರಗತಿ. ಅವರ ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು. ಆನ್‌ಲೈನ್ ಎಂಬುದು ಅವನ ಪಾಲಿಗೆ ಬರೀ ಶಬ್ದ. ಅವನು ನಮ್ಮ ಜಗಲಿಗೆ ಬರತೊಡಗಿದ. ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಮೇಷ್ಟ್ರುಗಳೇ ಕೇರಿಗೆ ಬಂದು ಗುಡಿಯ ಜಗಲಿ, ಅರಳಿಕಟ್ಟೆಗಳಲ್ಲಿ ಪಾಠ ಹೇಳಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ನಿವೃತ್ತಿಯಾಗಿ ಮೂರು ವರ್ಷದ ಮೇಲೆ ನಾನು ಮತ್ತೆ ಸೀಮೆಸುಣ್ಣ ಹಿಡಿದೆ. ಮೊಮ್ಮಗಳೂ ಆ ಹುಡುಗನೂ ಒಂದೇ ಚಾಪೆ. ಮುಕ್ಕಾಲು ಮಗ್ಗಿಯಲ್ಲಿ ಅವನೇ ಮುಂದಾದ. ಈಗ ಎಸ್ಸೆಸ್ಸೆಲ್ಸಿ ಹತ್ತಿರ ಬಂದಿದ್ದಾನೆ.

ಆ ವರ್ಷ ದಸರಾ ಅರಮನೆಯ ಆವರಣದೊಳಗೇ ಮುಗಿಯಿತು. ಅಭಿಮನ್ಯು ಆನೆ ಮೊದಲ ಸಲ ಅಂಬಾರಿ ಹೊತ್ತದ್ದನ್ನು ಮೈಸೂರಿನವರಾಗಿಯೂ ನಾವು ಟಿ.ವಿ.ಯಲ್ಲಿ ನೋಡಿದೆವು. ಮನೆಯಲ್ಲಿ ಗೊಂಬೆ ಕೂರಿಸಿದ್ದಾಯಿತು. "ಗೊಂಬೆ ಕೂರ್ಸಿದ್ದೀರಾ?" ಎಂದು ಸಂಜೆ ಹೊತ್ತು ಗೇಟು ತಟ್ಟುವ ಮಕ್ಕಳಿಲ್ಲದೆ ಚಕ್ಕುಲಿ ಡಬ್ಬಿ ತುಂಬಿದ್ದು ತುಂಬಿದಂತೇ ಇತ್ತು. ಮೊಮ್ಮಗಳು ಸಾಲುಗೊಂಬೆಗಳಿಗೆಲ್ಲ ಬಟ್ಟೆಚೂರಿನ ಮಾಸ್ಕು ಕಟ್ಟಿದಳು. ಪಟ್ಟದ ಗೊಂಬೆಗಳಿಗೆ ಕಟ್ಟಲು ಅತ್ತೆ ಬಿಡಲಿಲ್ಲ: "ರಾಜ ರಾಣಿ ಒಂದೇ ಮನೆಯವರು ಕಣೆ, ಬೇಕಿಲ್ಲ."

ಇನ್ನು 2021. ಅದರ ಏಪ್ರಿಲ್ 13ರ ಚೌಕದಲ್ಲಿ ಯುಗಾದಿ, ಪ್ಲವ ಸಂವತ್ಸರ. ಪಂಚಾಂಗದ ತಾತ ಮತ್ತೆ ಜಗಲಿಗೆ ಬಂದು ಓದಿದರು. ಅತ್ತೆಗೂ ಯಜಮಾನರಿಗೂ ಒಂದೊಂದು ಡೋಸ್ ಲಸಿಕೆ ಆಗಿತ್ತು, ಇನ್ನೇನು ಕಷ್ಟ ಕಳೆಯಿತೆಂದು ಎಲ್ಲರೂ ನಂಬಿದ್ದೆವು. ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು. ದಿನಸಿಗೆ ಬೆಳಿಗ್ಗೆ ಆರರಿಂದ ಹತ್ತು. 29ಕ್ಕೆ ಯಜಮಾನರಿಗೆ ಜ್ವರ. ಮಹಡಿಯ ಕೋಣೆಗೆ ಹೋದರು. ಊಟ ಸ್ಟೂಲಿನ ಮೇಲೆ, ಬಾಗಿಲಾಚೆ. ಮಾತಾಡಿದರೆ ಕೆಮ್ಮು ಒತ್ತರಿಸುತ್ತಿದ್ದರಿಂದ ಸ್ಟೀಲು ಲೋಟಕ್ಕೆ ಚಮಚದಿಂದ ಬಡಿಯುವುದೆಂದು ಗೊತ್ತುಮಾಡಿಕೊಂಡೆವು. ಒಂದು ಬಡಿದರೆ ಬಿಸಿನೀರು, ಎರಡಕ್ಕೆ ಕಾಫಿ. ನಮ್ಮ ಮಾತು ಕಿವಿಗೆ ಬೀಳದ ಅತ್ತೆಗೆ ಮಗನ ಲೋಟದ ಸದ್ದು ಮಾತ್ರ ಪ್ರತಿಸಲ ಕೇಳುತ್ತಿತ್ತು. ನನಗಿಂತ ಮೊದಲೇ "ಕಾಫಿ ಅಂತೆ" ಎನ್ನುವರು. ದೇವರಮನೆಯ ಜಾಗಟೆಯನ್ನು ಮಡಿಲಲ್ಲಿಟ್ಟುಕೊಂಡು ಕೆಳಗಿನಿಂದ ಒಂದು ಏಟು ಹಾಕಿ 'ಬಂತು' ಎಂದು ಉತ್ತರ ಕೊಡುವರು. ಮೂರನೆಯ ದಿನ ರಾತ್ರಿ ಹತ್ತಕ್ಕೆ ಅವರು ಎರಡು ಬಡಿದಾಗ ಅತ್ತೆ ಜಾಗಟೆಗೆ ಜೋರಾಗಿ ನಾಲ್ಕು ಬಾರಿಸಿದರು. ಈ ಹೊತ್ತಿನಲ್ಲಿ ಕಾಫಿ ಇಲ್ಲ ಎಂದರ್ಥವಂತೆ. ಮಹಡಿಯಿಂದ ಯಜಮಾನರ ನಗು ಕೇಳಿತು. ನಗುವಿನ ಹಿಂದೆಯೇ ಬಹಳ ಹೊತ್ತು ಕೆಮ್ಮು.

ಆ ದಿನಗಳ ಚೌಕಗಳಲ್ಲಿ ಬರೀ ಅಂಕಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ. 96. 95. 94. ಮೇ 2ರ ರಾತ್ರಿ 93. ಬೋರಲು ಮಲಗಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ನಾನು ಮೆಟ್ಟಿಲ ಮೇಲೇ ಬೆಳಗು ಮಾಡಿದೆ. ಬೆಳಿಗ್ಗೆ ಬಂದ ಸುದ್ದಿ ಪಕ್ಕದ ಚಾಮರಾಜನಗರದ್ದು. ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ 24 ಮಂದಿ ಹೋಗಿದ್ದರು. ಮೇ 3ರ ಚೌಕದಲ್ಲಿ ನಾನು ಏನೂ ಬರೆದಿಲ್ಲ. ಹಾಲಿನ ಲೆಕ್ಕವೂ ಇಲ್ಲ.

ನಾಲ್ಕನೇ ತಾರೀಕು 94, ಆರಕ್ಕೆ 95, ಹನ್ನೆರಡಕ್ಕೆ 98. 'ಎರಡು ಕಾಫಿ' ಎಂದೂ ಬರೆದಿದ್ದೇನೆ.

ಮೇ 19ರ ಚೌಕದಲ್ಲಿ 'ಪಂಚಾಂಗದವರು' ಎಂಬ ಒಂದೇ ಪದವಿದೆ. ಪಕ್ಕದ ಮನೆಯಿಂದ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಮೃತದೇಹವನ್ನು ಮನೆಗೆ ತರುವ ಹಾಗಿರಲಿಲ್ಲ. ಬೀದಿಯವರೆಲ್ಲ ಅವತ್ತು ಸಂಜೆ ಯುಗಾದಿಯ ದಿನ ನಿಂತಿದ್ದ ಅದೇ ಜಾಗಗಳಲ್ಲಿ ಬಂದು ನಿಂತೆವು, ಯಾರೂ ಕರೆದಿರಲಿಲ್ಲ. ಬೆತ್ತದ ಕುರ್ಚಿ ಜಗಲಿಯಲ್ಲೇ ಇತ್ತು. 2022ರ ಯುಗಾದಿಗೆ ಅವರ ಮನೆಯವರೇ ಬಂದು ಮೊಮ್ಮಗಳ ಕೈಗೆ ಪಂಚಾಂಗ ಕೊಟ್ಟರು. ಅವಳು ತಾತನ ಹಾಗೆಯೇ ಕೂಗಿ ಓದಿದಳು. ವ್ಯಯ ಎಷ್ಟೆಂದು ಅತ್ತೆ ಆ ಸಲ ಕೇಳಲಿಲ್ಲ.

ಈಗ ಅತ್ತೆಗೆ ಎಂಬತ್ತೊಂಬತ್ತು. ಮೊನ್ನೆ ಈ ಚೌಕಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಬೆಂಡೆಕಾಯಿ ಮುದ್ರೆ, ಫೋನಿನ ಮೇಲಿನ ಅಕ್ಷತೆ, ಸ್ಟೇಷನ್ ದೂರವಿದ್ದ ಕಾಡು, ಎಲ್ಲಕ್ಕೂ ನಕ್ಕರು. ಪಂಚಾಂಗದವರು ಎಂದಾಗ ಕೈ ಮುಗಿದರು. ಮೇ 3 ಖಾಲಿಯಿದೆ ಎಂದೆ. "ಆವತ್ತು ನೀನು ಮೆಟ್ಟಿಲ ಮೇಲಿದ್ದೆ, ನಾನು ಕೆಳಗೆ ಜಾಗಟೆ ಹಿಡ್ಕೊಂಡು ಎಚ್ಚರವಾಗೇ ಇದ್ದೆ. ಅದನ್ನ ಬರಿ" ಎಂದರು. ನಾಲ್ಕು ವರ್ಷದ ಮೇಲೆ ಆ ಚೌಕ ತುಂಬಿದೆ.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಮೊಳೆಯಲ್ಲೂ ಆ ಎರಡು ವರ್ಷದ ಕ್ಯಾಲೆಂಡರು ಉಳಿದಿರಬಹುದು. ರದ್ದಿಯವರಿಗೆ ಹಾಕುವ ಮುಂಚೆ ಬಿಡಿಸಿ ನೋಡಿ. ಹಾಲಿನ ಲೆಕ್ಕ ಮಾತ್ರ ಇದ್ದರೆ ಮನೆಯವರನ್ನೆಲ್ಲ ಕೂರಿಸಿಕೊಂಡು ಪಕ್ಕದಲ್ಲಿ ಎರಡೆರಡು ಮಾತು ಬರೆಯಿರಿ. ಅತ್ತದ್ದನ್ನು ಬರೆಯಿರಿ, ನಕ್ಕದ್ದನ್ನು ಬಿಡದೆ ಬರೆಯಿರಿ. ಹೋದವರ ಹೆಸರು ಬರೆಯಿರಿ. ಕ್ಯಾಲೆಂಡರು ಸಿಗದಿದ್ದರೆ ಒಂದು ನೋಟುಪುಸ್ತಕ ಸಾಕು.

ನಮ್ಮ ಮನೆಯ ಬಣ್ಣದ ಕೆಲಸ ಮುಗಿದಿದೆ. ಎರಡು ಕ್ಯಾಲೆಂಡರನ್ನೂ ಅದೇ ಮೊಳೆಗೆ ಹಾಕಿದ್ದೇನೆ, ಈ ಸಲ ಎಲ್ಲಕ್ಕಿಂತ ಮೇಲೆ.